ಜೋಡಿಯ ಸೊನ್ನೆ

ನೀರಿಗೆ ಲಾಗ ಹೊಡೆಯುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು ಸುತ್ತಿನ ತೋಟದ ಬಾವಿಗಳಲ್ಲಿ ನೀರಿದ್ದ ಕಾಲಕ್ಕೆ ಹುಡುಗರು ಕಟ್ಟೆ ಹತ್ತಿ ಧುಮುಕುತ್ತಿದ್ದರು. ಹೆಚ್ಚು ನೀರು ಎರಚಿದವನೇ ಶೂರ. ಒಲಿಂಪಿಕ್ಸಿನಲ್ಲಿ ಲೆಕ್ಕ ತಿರುಗುಮುರುಗು. ನೀರು ಎಷ್ಟು ಕಡಿಮೆ ಚಿಮ್ಮುತ್ತದೋ ಅಷ್ಟು ಹೆಚ್ಚು ಅಂಕ.

ಇಬ್ಬರು ಅಕ್ಕಪಕ್ಕದ ಎರಡು ಚಿಮ್ಮುಹಲಗೆಗಳಿಂದ, ಮೂರು ಮೀಟರ್ ಎತ್ತರದಿಂದ ಒಟ್ಟಿಗೇ ಹಾರಿ, ಒಟ್ಟಿಗೇ ಲಾಗ ಹೊಡೆದು, ಒಟ್ಟಿಗೇ ನೀರು ಸೇರುವ ಜೋಡಿ ಡೈವಿಂಗ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೊದಲು ಬಂತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ದೆಹಲಿಯಲ್ಲೂ ನಡೆಯಿತು. ಇದನ್ನು ನೋಡುವವರೆಲ್ಲ 'ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದೆ' ಎಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಅಚ್ಚಿನಿಂದ ಇಟ್ಟಿಗೆ ಬರುತ್ತದೆ, ಜೋಡಿ ಬರುವುದಿಲ್ಲ. ಇಬ್ಬರ ಎತ್ತರ ಬೇರೆ, ತೂಕ ಬೇರೆ. ಆದ್ದರಿಂದ ಹಲಗೆ ಬಗ್ಗುವ ಬಗೆಯೂ ಬೇರೆ. ಹಲಗೆಯಡಿಯ ಚಕ್ರವನ್ನು ಹಿಂದೆಮುಂದೆ ಸರಿಸಿ ಅವರವರಿಗೆ ತಕ್ಕಂತೆ ಬಿಗಿ, ಸಡಿಲ ಮಾಡಿಕೊಳ್ಳುತ್ತಾರೆ. ಬೇರೆ ಬೇರೆಯಾಗಿದ್ದುಕೊಂಡೇ ಹೊಂದಿಕೊಳ್ಳುವುದು ಇದರ ಸೊಗಸು.

ಅಂಕ ಕೊಡುವ ಕ್ರಮವೂ ಇದನ್ನೇ ಹೇಳುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಂಥ ಕೂಟದಲ್ಲಿ ತೀರ್ಪುಗಾರರು 11 ಜನ. ಮೂವರು ಒಬ್ಬನನ್ನು, ಮೂವರು ಇನ್ನೊಬ್ಬನನ್ನು ನೋಡುತ್ತಾರೆ. ಉಳಿದ ಐವರು ನೋಡುವುದು ಹೊಂದಾಣಿಕೆಯನ್ನು ಮಾತ್ರ. ಪ್ರತಿ ಗುಂಪಿನಲ್ಲೂ ಅತಿ ಹೆಚ್ಚು, ಅತಿ ಕಡಿಮೆ ಅಂಕಗಳನ್ನು ತೆಗೆದುಹಾಕಿದರೆ ಐದು ಉಳಿಯುತ್ತವೆ. ಒಬ್ಬೊಬ್ಬನ ಜಿಗಿತಕ್ಕೆ ಒಂದೊಂದು, ಹೊಂದಾಣಿಕೆಗೆ ಮೂರು. ಒಬ್ಬನ ಜಿಗಿತ ಪೂರ್ತಿ ಕೆಟ್ಟರೆ ಇಬ್ಬರಿಗೂ ಸೊನ್ನೆ.

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಹಾಗೇ ಆಯಿತು. ಚೀನಾದ ಪೆಂಗ್ ಬೋ, ವಾಂಗ್ ಕೆನಾನ್ ಕೊನೆಯ ಸುತ್ತಿಗೆ ಬಂದಾಗ ಎಲ್ಲರಿಗಿಂತ ಮುಂದಿದ್ದರು. ಆ ಸುತ್ತಿನಲ್ಲಿ ವಾಂಗ್ ಲೆಕ್ಕ ತಪ್ಪಿ, ಬೆನ್ನು ಬಡಿಯುವಂತೆ ನೀರಿಗೆ ಬಿದ್ದ. ಜೋಡಿಗೆ ಸೊನ್ನೆ ಸಿಕ್ಕಿತು. ಚಿನ್ನ ಆತಿಥೇಯ ಗ್ರೀಸಿನ ಸಿರಾನಿಡಿಸ್ ಮತ್ತು ಬಿಮಿಸ್ ಅವರ ಪಾಲಾಯಿತು.

ಪೆಂಗ್ ಮಾಡಿದ ತಪ್ಪೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ಗೆದ್ದಿದ್ದರೆ ಪದಕ ಇಬ್ಬರ ಕೊರಳಿಗೂ ಬೀಳುತ್ತಿತ್ತು, ಆದ್ದರಿಂದ ಸೋಲೂ ಇಬ್ಬರದೇ. ಇನ್ನೊಂದು ಮಾತೂ ಇದೆ. ಅದೇ ಕೂಟದಲ್ಲಿ ಪೆಂಗ್ ಒಬ್ಬನೇ ಹಾರುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದ. ಜೋಡಿಯ ಸೊನ್ನೆಯನ್ನು ಅವನ ಹಣೆಗೆ ಯಾರೂ ಅಂಟಿಸಲಿಲ್ಲ.

ಜೋಡಿ ಎಂಬ ಮಾತನ್ನು ನಾವು ಮನೆಮನೆಯಲ್ಲೂ ಆಡುತ್ತೇವೆ. ಅಲ್ಲಿನ ಲೆಕ್ಕ ಮಾತ್ರ ಬೇರೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳನ್ನು ನೋಡಿ. ಸೊಪ್ಪು ತರುವುದು, ಹುಳುವಿಗೆ ಹಾಕುವುದು, ಕಸ ತೆಗೆಯುವುದು, ಹಣ್ಣಾದ ಹುಳು ಆರಿಸಿ ಚಂದ್ರಂಕಿಗೆ ಬಿಡುವುದು, ಎಲ್ಲವೂ ಗಂಡ ಹೆಂಡತಿ ಸೇರಿ ಮಾಡುವ ಕೆಲಸ. ಬೆಳೆ ಚೆನ್ನಾಗಿ ಬಂದರೆ ಗೂಡಿನ ಮಾರುಕಟ್ಟೆಯಲ್ಲಿ ಗಂಡನ ಹೆಸರು. ಹುಳು ಸತ್ತರೆ ಮಾತ್ರ 'ಮೈಲಿಗೆಯಲ್ಲಿ ಹುಳುಮನೆಗೆ ಹೋಗಿದ್ದಳೇನೋ' ಎಂದು ಹೆಂಗಸಿನ ಕಡೆ ಬೆರಳು. ಸೋಂಕು, ಶಾಖ, ಕೆಟ್ಟ ಸೊಪ್ಪು ಯಾರಿಗೂ ನೆನಪಾಗುವುದಿಲ್ಲ. ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಅಪ್ಪನ ಮಗ, ಫೇಲಾದರೆ ತಾಯಿ ಮುದ್ದು ಮಾಡಿ ಕೆಡಿಸಿದ ಮಗ.

ಈ ಸ್ಪರ್ಧೆಯನ್ನು ಮುಂದೆ ಎಂದಾದರೂ ಟಿ.ವಿ.ಯಲ್ಲಿ ಕಂಡರೆ ಅಕ್ಕತಂಗಿಯರು ಲಾಗ ನೋಡಿ ಸುಮ್ಮನೆ ಎದ್ದುಬಿಡಬೇಡಿ. ಅಂಕ ಬರುವ ತನಕ ಕೂತಿರಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಬ್ಬರು ಮಾಡಿದ ಕೆಲಸಕ್ಕೆ ಅಲ್ಲಿ ಒಂದೇ ಅಂಕ ಬರೆಯುತ್ತಾರೆ, ಇಬ್ಬರ ಹೆಸರಿನ ಮುಂದೆ.