ಬೋರಿಬಂದರದ ಗುಮ್ಮಟ: ಒಂದು ಔಚಿತ್ಯವಿಚಾರ

ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸನ್ನು ಕುರಿತು ಬರೆದವರು ಬಹುಮಟ್ಟಿಗೆ ಎರಡು ಮಾತುಗಳನ್ನು ಹೇಳಿ ತೃಪ್ತರಾಗುತ್ತಾರೆ: ಅದು ಇಟಲಿಯ ಗಾಥಿಕ್ ಶೈಲಿಯದು, ಅದರಲ್ಲಿ ಭಾರತೀಯ ಶಿಲ್ಪಸಂಪ್ರದಾಯವು ಬೆರೆತಿದೆ. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಈ ಬೆರಕೆಯನ್ನೇ ಎತ್ತಿ ಹೇಳಿತು. ಈ ಮಾತುಗಳು ಸುಳ್ಳೆಂದಲ್ಲ. ಆದರೆ ರೈಲು ನಿಲ್ದಾಣವಾಗಿ ಇದರ ಗುಣದೋಷಗಳೇನೆಂಬ ಪ್ರಶ್ನೆಯನ್ನು ಇವು ಮುಟ್ಟುವುದೇ ಇಲ್ಲ.

1853ನೆಯ ಏಪ್ರಿಲ್ 16ರಂದು ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ಬಂಡಿಯು ಬಿಟ್ಟುದು ಬೋರಿಬಂದರದಿಂದ. ಆ ಎಡೆಯಲ್ಲಿಯೇ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯವರು 1878ರಲ್ಲಿ ಈ ಕಟ್ಟಡವನ್ನು ತೊಡಗಿದರು. ಮುಗಿಯಲು ಹತ್ತು ವರ್ಷ ಹಿಡಿಯಿತು. ಇದನ್ನು ರೂಪಿಸಿದವನು ಎಫ್. ಡಬ್ಲ್ಯು. ಸ್ಟೀವನ್ಸ್. 1996ರಲ್ಲಿ ಇದಕ್ಕೆ ಛತ್ರಪತಿ ಶಿವಾಜಿಯ ಹೆಸರಾಯಿತು.

ಎಲ್ಲರ ಕಣ್ಣನ್ನು ಮೊದಲು ಸೆಳೆಯುವುದು ಎಂಟು ಮೂಲೆಯ ಕಲ್ಲಿನ ಗುಮ್ಮಟ. ಅದರ ತುದಿಯಲ್ಲಿ ಪಂಜನ್ನು ಹಿಡಿದ ಪ್ರಗತಿದೇವಿ. ಈ ಗುಮ್ಮಟದ ಕೆಳಗೆ ಇರುವುದೇನು? ಕಂಪನಿಯ ಕಚೇರಿಗಳಿಗೆ ಏರುವ ಸೋಪಾನ. ಪ್ರಯಾಣಿಕನು ಅಲ್ಲಿ ಕಾಲಿಡುವುದಿಲ್ಲ. ಅವನ ದಾರಿ ಪಕ್ಕದಲ್ಲಿ. ನಮ್ಮ ದೇವಾಲಯಗಳಲ್ಲಿ ಶಿಖರವು ಗರ್ಭಗೃಹದ ಮೇಲೆಯೇ ಏಳುತ್ತದೆ. ದೂರದಿಂದ ಕಂಡವನಿಗೆ ದೇವರಿರುವ ಎಡೆ ತಿಳಿಯುತ್ತದೆ. ಹಂಪೆಯ ವಿರೂಪಾಕ್ಷನ ಗುಡಿಯಂತಹ ಕಡೆಗಳಲ್ಲಿ ಗೋಪುರವು ವಿಮಾನವನ್ನು ಮೀರಿ ಬೆಳೆದಿದೆ ನಿಜ. ಆದರೂ ಆ ಗೋಪುರವು ಭಕ್ತನು ನಡೆದುಹೋಗುವ ಬಾಗಿಲಿನ ಮೇಲೆಯೇ ನಿಂತಿದೆ. ಇಲ್ಲಿಯಾದರೋ ಶಿಖರವು ಸಾರುವುದು ಪ್ರಯಾಣವನ್ನಲ್ಲ, ಕಂಪನಿಯ ಆಡಳಿತವನ್ನು. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ಕಲ್ಲಿಗೂ ಅನ್ವಯಿಸಬಹುದಾದರೆ, ಇದು ಸ್ಥಾನ ತಪ್ಪಿದ ಅಲಂಕಾರವೆನ್ನಬೇಕಾಗುತ್ತದೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿಯೂ ಇದೇ ಒಡಕು ಉಂಟೆಂದು ಕೆಲವರು ಆಕ್ಷೇಪಿಸಬಹುದು. ಸ್ಕಾಟನ ಗಾಥಿಕ್ ಹೋಟೆಲು ಮುಂದೆ ನಿಂತು ರೈಲುಗಳನ್ನು ಮರೆಮಾಡಿದೆ. ಸರಿಯೇ, ಆದರೆ ಆ ಮರೆಯ ಹಿಂದೆ 1868ರಲ್ಲಿ ಬಾರ್ಲೋ ಕಟ್ಟಿದ ಕಬ್ಬಿಣದ ಚಾವಣಿಯಿದೆ. ನಡುವೆ ಒಂದೇ ಒಂದು ಕಂಬವಿಲ್ಲದೆ ಸುಮಾರು 240 ಅಡಿ ಅಗಲವನ್ನು ಒಂದೇ ನೆಗೆತಕ್ಕೆ ದಾಟುವ ಆ ಕಮಾನು ಹೋಟೆಲಿಗೆ ಸಮನಾದ ಉತ್ತರ. ಬೋರಿಬಂದರದಲ್ಲಿ ಅಂತಹ ಉತ್ತರವಿಲ್ಲ. ರೈಲು ನಿಲ್ಲುವ ಭಾಗ ಕೇವಲ ಉಪಯೋಗಕ್ಕೆಂದು ಕಟ್ಟಿದ್ದು.

ಬೆರಕೆಯ ವಿಷಯವೂ ವಿಚಾರಾರ್ಹ. ಗುಮ್ಮಟ, ಕಮಾನುಗಳಲ್ಲಿ ಭಾರತೀಯತೆಯನ್ನು ಹುಡುಕುವುದು ನಮಗೆ ಎಳೆದಾಟವಾಗಿ ತೋರುತ್ತದೆ. ಅದು ನಿಜವಾಗಿ ಇರುವುದು ಜೆ. ಜೆ. ಕಲಾಶಾಲೆಯವರ ಕೆತ್ತನೆಯಲ್ಲಿ: ಎಲೆಬಳ್ಳಿ, ನವಿಲು, ಮಂಗ, ಬಗೆಬಗೆಯ ರುಮಾಲಿನ ತಲೆಗಳು. ಮಹಾದ್ವಾರದ ಸಿಂಹವೂ ಹುಲಿಯೂ ಇಂಗ್ಲೆಂಡ್ ಇಂಡಿಯಾಗಳ ಲಾಂಛನಗಳಾಗಿ ಬಿಗಿದು ಕುಳಿತಿವೆ. ಒಳಗಿನ ಮಂಗನಿಗೆ ಅಂತಹ ಹೊರೆಯಿಲ್ಲ, ಆದುದರಿಂದಲೇ ಜೀವವಿದೆ.

ಇಷ್ಟು ಹೇಳಿದ ಮೇಲೆ ಉತ್ತರದ ರೆಕ್ಕೆಯ ಟಿಕೆಟ್ಟಿನ ಹಜಾರವನ್ನು ಬಿಟ್ಟರೆ ಅನ್ಯಾಯವಾದೀತು. ಇಟಲಿಯ ಅಮೃತಶಿಲೆಯ ಕಂಬಗಳು, ಮೇಲೆ ನಕ್ಷತ್ರಗಳನ್ನು ಬರೆದ ಚಾವಣಿ. ಇದನ್ನು ನೋಡಲು ಅಧಿಕಾರಿಯಾಗಬೇಕಾಗಿಲ್ಲ. ಹತ್ತಿರದ ಊರಿಗೆ ಹೋಗುವವನೂ ಸಾಲಿನಲ್ಲಿ ನಿಂತು ತಲೆಯೆತ್ತಿದರೆ ಸಾಕು. ವಿಮರ್ಶಕರು ಬೀದಿಯಲ್ಲಿ ನಿಂತು ಗುಮ್ಮಟವನ್ನು ವರ್ಣಿಸುವುದಕ್ಕೆ ಮೊದಲು ಈ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದರೆ, ಸ್ಟೀವನ್ಸನ ಗುಣವನ್ನು ಬೇರೆ ಎಡೆಯಲ್ಲಿ ಕಾಣುತ್ತಿದ್ದರೆಂದು ನಮ್ಮ ಊಹೆ.