ಪರರ ಅಂಕಿತ

ಹಳೆಯ ಕಾಮಿಕ್ಸ್ ಪುಸ್ತಕಗಳ ಚಟಕ್ಕೆ ಬಿದ್ದವನಿಗೆ, ಪುಟದ ಮೇಲೆ ಅಚ್ಚಾದ ಹೆಸರನ್ನು ನಂಬದೆ, ಬರೆದ ಕೈ ಯಾರದಿದ್ದೀತೆಂದು ಕಥೆಯ ನಡಿಗೆಯಲ್ಲಿಯೇ ಅರಸುವ ಇನ್ನೊಂದು ವ್ಯಸನವೂ ಕ್ರಮೇಣ ಅಂಟಿಕೊಳ್ಳುತ್ತದೆ. ಅಮೆರಿಕೆಯ ‘ವಂಡರ್ ವುಮನ್’ ಕಥೆಗಳಿಗೆ ಕರ್ತೃವೆಂದು ಕಾಣಿಸುವ ಚಾರ್ಲ್ಸ್ ಮೌಲ್ಟನ್ ಎಂಬಾತನು ಲೋಕದಲ್ಲಿ ಹುಟ್ಟಿದವನೇ ಅಲ್ಲ. ಪ್ರಕಾಶಕ ಗೇನ್ಸನ ನಡುಹೆಸರಿಗೆ ಲೇಖಕ ವಿಲಿಯಂ ಮಾರ್ಸ್ಟನ್ನನ ನಡುಹೆಸರನ್ನು ಹೊಲಿದು ಮಾಡಿದ ಅಂಕಿತವದು. ನಮ್ಮ ಶರಣೆಯರ ಅಂಕಿತವಾದರೋ ದೇವರ ಹೆಸರನ್ನು ನುಡಿದೂ ನುಡಿದವಳ ಗುರುತನ್ನು ಕೊಡುತ್ತದೆ. ಮೌಲ್ಟನ್ ಎಂಬ ಈ ಅಂಕಿತವೋ ಬರೆದವಳೊಬ್ಬಳನ್ನು ದಶಕಗಳ ಕಾಲ ಮರೆಮಾಡಿತು.

ಆಕೆ ಜಾಯ್ ಹಮ್ಮೆಲ್. ತರುಣಿಯರಿಗೆ ಕಚೇರಿಯ ಕೆಲಸ ಕಲಿಸುತ್ತಿದ್ದ ನ್ಯೂಯಾರ್ಕಿನ ಕ್ಯಾಥರೀನ್ ಗಿಬ್ಸ್ ಶಾಲೆಯಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಮಾರ್ಸ್ಟನ್, ಪರೀಕ್ಷೆಯಲ್ಲಿ ಈಕೆಯ ಉತ್ತರಗಳಿಗೆ ಮಾರುಹೋಗಿ, 1944ರಲ್ಲಿ, ಆಕೆಗಿನ್ನೂ 19 ವರ್ಷವಿದ್ದಾಗಲೇ, ಸಹಾಯಕಿಯನ್ನಾಗಿ ಇರಿಸಿಕೊಂಡನು. ಅದೇ ವರ್ಷ ಆತನಿಗೆ ಪೋಲಿಯೋ ತಗುಲಿತು. ಆತನ ಕಥೆಗಳನ್ನು ಬೆರಳಚ್ಚಿಸುತ್ತಿದ್ದವಳು ತಾನೇ ಕಥೆ ಕಟ್ಟತೊಡಗಿದಳು. ಯಾವ ಚೌಕಟ್ಟಿನಲ್ಲಿ ಯಾರಿರಬೇಕು, ಏನು ನಡೆಯಬೇಕು, ಯಾವ ಮಾತು ಯಾರ ಬಾಯಿಂದ ಹೊರಡಬೇಕು ಎಂಬುದನ್ನೆಲ್ಲ ಚಿತ್ರಕಾರ ಪೀಟರನಿಗಾಗಿ ಬರೆದಿಡುವ ಕೆಲಸವದು. ಮೂರು ವರ್ಷಗಳಲ್ಲಿ 70ಕ್ಕೂ ಮಿಕ್ಕ ಕಥೆಗಳು!

ಗುರುವಿನ ಕಥೆಗಳಲ್ಲಿ ಸರಪಣಿ, ಹಗ್ಗ, ಬಂಧನಗಳ ಮೇಲಿನ ಮೋಹ ಅತಿಯೆನಿಸುವಷ್ಟಿದೆ. ನನಗಂತೂ ಕೆಲವೊಮ್ಮೆ ಬೇಸರವೇ ಬರುತ್ತದೆ. 1945ರ 12ನೆಯ ಸಂಚಿಕೆಯಲ್ಲಿ ಶುಕ್ರಗ್ರಹದ ರೆಕ್ಕೆಯ ಕನ್ಯೆಯರನ್ನು ಕರೆತಂದ ಹಮ್ಮೆಲ್‌ಳದಾದರೋ ಅಜ್ಜಿಕಥೆಯ ಗಾಳಿ ಬೀಸುವ ಲೋಕ. ಆತನ ಕಥೆಗಳಷ್ಟು ಶೃಂಗಾರ ತನ್ನವುಗಳಲ್ಲಿರಲಿಲ್ಲವಾದ್ದರಿಂದಲೇ ಸಂಪಾದಕ ಶೆಲ್ಡನ್ ಮೇಯರ್ ಅವುಗಳಿಗೆ ಬೇಗನೆ ಒಪ್ಪಿಗೆ ಕೊಡುತ್ತಿದ್ದನೆಂದು ಆಕೆಯೇ ಮುಂದೆ ನೆನೆದುದುಂಟು.

1947ರಲ್ಲಿ ಮಾರ್ಸ್ಟನ್ ತೀರಿಕೊಂಡನು. ವಿವಾಹವಾದ ಹಮ್ಮೆಲ್, ಗಂಡನ ಮೊದಲ ಹೆಂಡತಿಯ ಮಗುವನ್ನು ಸಾಕಲೆಂದು ಅದೇ ವರ್ಷ ಲೇಖನಿಯನ್ನು ಕೆಳಗಿಟ್ಟಳು. ಆಮೇಲೆ ಬರೆದ ರಾಬರ್ಟ್ ಕ್ಯಾನಿಗರನ ಕೈಯಲ್ಲಿ ನಾಯಿಕೆಗೆ ಪ್ರಣಯದ ಗೊಡವೆಯೇ ಹೆಚ್ಚಾದುದನ್ನು ಓದಿದವರು ಬಲ್ಲರು.

2018ರಲ್ಲಿ, 94ರ ಮುಪ್ಪಿನಲ್ಲಿ, ಆಕೆಗೊಂದು ಪ್ರಶಸ್ತಿ ಬಂದಿತು. ಅದರ ಹೆಸರು ಬಿಲ್ ಫಿಂಗರ್ ಪ್ರಶಸ್ತಿ. ಆ ಫಿಂಗರನೋ, ಬ್ಯಾಟ್‌ಮನ್ನನ ಕಥೆಗಳನ್ನು ಬರೆದೂ ಬಾಬ್ ಕೇನನ ಹೆಸರಿನಡಿಯಲ್ಲಿಯೇ ಬಾಳು ಮುಗಿಸಿದವನು.