ಗಡಿನಾಡಿನ ತರಗತಿಯಲ್ಲಿ ಕ್ರಿಯಾ ಸಂಶೋಧನೆ: ಒಂದು ವಿಮರ್ಶೆ

ಶಿಕ್ಷಕನು ತನ್ನ ತರಗತಿಯ ಸಮಸ್ಯೆಯನ್ನು ತಾನೇ ಗುರುತಿಸಿ, ಪರಿಹಾರವನ್ನು ಪ್ರಯೋಗಿಸಿ, ಅದರ ಫಲವನ್ನು ಪರಾಮರ್ಶಿಸುವ ಕ್ರಮವೇ ಕ್ರಿಯಾ ಸಂಶೋಧನೆ. 1946ರಲ್ಲಿ ಕರ್ಟ್ ಲೆವಿನ್ ಸಾಮಾಜಿಕ ಸಮಸ್ಯೆಗಳ ಸಂದರ್ಭದಲ್ಲಿ ಪ್ರತಿಪಾದಿಸಿದ ಈ ವಿಧಾನವನ್ನು ಸ್ಟೀಫನ್ ಕೋರಿಯವರ 1953ರ ಗ್ರಂಥವು ಶಾಲೆಗೆ ಅನ್ವಯಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಸ್ಥಾಪಿತವಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಮೂಲಕ ಅದು ನಮ್ಮ ಶಿಕ್ಷಕರ ವೃತ್ತಿವಿಕಾಸದ ಸಾಧನವಾಯಿತು.

ಆದರೆ ಸಾಧನವು ನಮೂನೆಯಾಗಿ ಗಟ್ಟಿಗೊಳ್ಳುವ ಅಪಾಯವಿದೆ. ಸಮಸ್ಯೆ, ಸಂಭಾವ್ಯ ಕಾರಣ, ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಅಂತಿಮ ಪರೀಕ್ಷೆ, ಯಶಸ್ಸು ಎಂಬ ಸರಣಿಯಲ್ಲಿ ಕಾರಣವನ್ನು ಮಗುವಿನ ಗೈರುಹಾಜರಿಯಲ್ಲೋ ಪಾಲಕರ ಅನಕ್ಷರತೆಯಲ್ಲೋ ಕಾಣುವುದು ಸುಲಭ. ಬೋಧನ ಕ್ರಮವೇ ಕಾರಣವಾಗಿರಬಹುದೆಂಬ ಪ್ರಶ್ನೆ ಆಗ ಏಳುವುದೇ ಇಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿ ಈ ಕೊರತೆ ಹೆಚ್ಚು ಸ್ಪಷ್ಟವಾಗುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮನೆಮಾತುಗಳು ಕೂಡಿ ಬಾಳುತ್ತಿವೆ. ಕನ್ನಡ ಉಕ್ತಲೇಖನವನ್ನೇ ಪರಿಶೀಲಿಸಬಹುದು. ಉರ್ದುವಿನಲ್ಲಿ ‘ಳ’ಕಾರವಿಲ್ಲ, ಆ ಮನೆಮಾತಿನ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದೂ ‘ಬೆಳೆ’ಯನ್ನು ‘ಬೆಲೆ’ ಎಂದೂ ಬರೆದರೆ ಅದು ಅಲಕ್ಷ್ಯವಲ್ಲ, ಧ್ವನಿಭೇದದ ಪರಿಣಾಮ. ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ವಿರಳವಾದುದರಿಂದ ಕನ್ನಡ ಮನೆಮಾತಿನ ಮಗುವೇ ‘ಭ’ಕ್ಕೆ ‘ಬ’ ಬರೆಯಬಹುದು. ಮರಾಠಿ ಮನೆಮಾತಿನ ಮಗುವಿಗೆ ಎರಡೂ ಧ್ವನಿಗಳು ಪರಿಚಿತ. ಅದರ ತೊಡಕು ಲಿಪಿಯದೋ ಪದಸಂಪತ್ತಿನದೋ ಆಗಿರಬಹುದು. ಮೂವರಿಗೂ ‘ಕಾಗುಣಿತ ದೋಷ’ವೆಂಬ ಒಂದೇ ಹೆಸರಿಟ್ಟು ಹತ್ತು ಸಲ ಬರೆಯಿಸಿದರೆ ಅಂಕಗಳು ಏರಬಹುದು, ಸಮಸ್ಯೆ ಮಾತ್ರ ಅರ್ಥವಾಗದು.

ಬೋಧನ ಕ್ರಮವನ್ನೇ ಪ್ರಶ್ನಿಸಿದ ನಿದರ್ಶನ ನಾಡಿನಲ್ಲಿ ಇಲ್ಲದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪ್ರಯೋಗದಲ್ಲಿ ಶಿಕ್ಷಕರು ಋಷಿವ್ಯಾಲಿಯ ಮಾದರಿಯನ್ನು ಕಂಡು, ಕಲಿಕಾ ಸಾಮಗ್ರಿಯನ್ನು ತಾವೇ ರೂಪಿಸಿದರು.

ಆದುದರಿಂದ ಗಡಿನಾಡಿನ ಕ್ರಿಯಾ ಸಂಶೋಧನೆಯು ಮಕ್ಕಳ ಮನೆಮಾತಿನ ದಾಖಲೆಯಿಂದ ಆರಂಭವಾಗಬೇಕು; ವಿಫಲ ಪ್ರಯೋಗಕ್ಕೂ ವರದಿಯಲ್ಲಿ ಸ್ಥಾನವಿರಬೇಕು; ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಸಹಶಿಕ್ಷಕರ ಪ್ರಶ್ನೆಗಳನ್ನು ಎದುರಿಸಬೇಕು. ಅನುಭವವನ್ನು ಗೋಷ್ಠಿಯ ಮುಂದಿರಿಸಿ ಪರೀಕ್ಷಿಸಿದ ಪರಂಪರೆಯೊಡನೆ ಕಲ್ಯಾಣದ ಹೆಸರು ಬೆಸೆದುಕೊಂಡಿದೆ. ಅಲ್ಲಿಯ ಶಿಕ್ಷಕರಿಗೆ ಈ ನಿಯಮ ಹೊಸದೆನಿಸಲಾರದು.